ವಾಕ್ಚೌರ್ಯ: ವಿದ್ಯಾರ್ಥಿಗಳೂ ವಿದ್ವಾಂಸರೂ

ವಿದ್ಯೆಯೆಂಬುದು ಕಳ್ಳರ ಕೈಗೆ ಸಿಕ್ಕದ ಧನವೆಂಬ ಮಾತನ್ನು ಪಾಠಶಾಲೆಯ ಮೊದಲ ವರ್ಷಗಳಲ್ಲಿಯೇ ಬಾಲಕರು ಬಾಯಿಪಾಠ ಮಾಡುತ್ತಾರೆ. ಒಬ್ಬನು ಕಲಿತುದನ್ನು ಇನ್ನೊಬ್ಬನು ಅಪಹರಿಸಿದರೂ ಮೊದಲಿನವನ ಭಂಡಾರವು ಬರಿದಾಗುವುದಿಲ್ಲವೆಂಬುದು ಆ ಮಾತಿನ ತಾತ್ಪರ್ಯ. ಅದು ದಿಟವೇ. ಆದರೆ ವಿದ್ಯೆಯು ಕಳವಾಗದಿದ್ದರೂ ವಿದ್ಯೆಯ ಫಲವಾದ ಕೃತಿಯು ಕಳವಾಗುತ್ತದೆ. ಕೃತಿಯು ಉಳಿದರೂ ಅದರ ಮೇಲಿನ ಹೆಸರು ಕಳವಾಗುತ್ತದೆ. ಒಬ್ಬನು ಬರೆದುದನ್ನು ಇನ್ನೊಬ್ಬನು ತನ್ನದೆಂದು ಹೇಳಿಕೊಳ್ಳುವುದಕ್ಕೆ ಕನ್ನಡದಲ್ಲಿ ಕೃತಿಚೌರ್ಯವೆಂಬ ಶಬ್ದವು ರೂಢಿಯಲ್ಲಿದೆ. ಸಂಸ್ಕೃತ ಲಾಕ್ಷಣಿಕರು ಇದನ್ನೇ ಹರಣವೆಂದೂ ವಾಕ್ಚೌರ್ಯವೆಂದೂ ಕರೆದರು. ಒಂದನೆಯ ಶತಮಾನದ ರೋಮಿನ ಕವಿ ಮಾರ್ಷಿಯಲ್, ತನ್ನ ಪದ್ಯಗಳನ್ನು ತನ್ನವೆಂದು ಓದುತ್ತಿದ್ದ ಒಬ್ಬನನ್ನು ಮಕ್ಕಳನ್ನೂ ದಾಸರನ್ನೂ ಅಪಹರಿಸುವವನಿಗೆ ಸಲ್ಲುವ ಶಬ್ದದಿಂದ ನಿಂದಿಸಿದನು. ಆ ಲ್ಯಾಟಿನ್ ಶಬ್ದವೇ ಮುಂದೆ ಯೂರೋಪಿನ ಭಾಷೆಗಳಲ್ಲಿ ಕೃತಿಚೌರ್ಯಕ್ಕೆ ಹೆಸರಾಯಿತು. ಕೃತಿಯನ್ನು ಧನವೆನ್ನದೆ ಸಂತಾನವೆಂದು ಭಾವಿಸಿದ ಈ ಕಲ್ಪನೆಯು ಸೊಗಸಾದುದು.

ಮೊದಲಿಗೆ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಕೃತಿಚೌರ್ಯವೂ ಕೃತಿಸ್ವಾಮ್ಯದ ಉಲ್ಲಂಘನೆಯೂ ಒಂದೇ ಅಲ್ಲ. ಕೃತಿಸ್ವಾಮ್ಯವು 1957ರ ಅಧಿನಿಯಮದಿಂದ ಹುಟ್ಟಿದ ಹಕ್ಕು. ಕರ್ತೃವಿನ ಜೀವಿತಕಾಲ ಮತ್ತು ಆತನ ಮರಣಾನಂತರದ 60 ವರ್ಷಗಳವರೆಗೆ ಅದು ಸಲ್ಲುತ್ತದೆ. ಪಂಪನಿಗಾಗಲಿ ಹರಿಹರನಿಗಾಗಲಿ ಇಂದು ಅಂತಹ ಹಕ್ಕೇನೂ ಇಲ್ಲ. ಅವರ ಕಾವ್ಯಗಳನ್ನು ಯಾರು ಬೇಕಾದರೂ ಅಚ್ಚುಹಾಕಿಸಬಹುದು. ಆದರೂ ಹರಿಹರನ ರಗಳೆಯೊಂದನ್ನು ತನ್ನದೆಂದು ಪ್ರಕಟಿಸಿದವನು ಚೋರನೇ. ಇದಕ್ಕೆ ವಿಪರ್ಯಾಯವಾಗಿ, ಬದುಕಿರುವ ಲೇಖಕನೊಬ್ಬನ ಪುಸ್ತಕವನ್ನು ಅನುಮತಿಯಿಲ್ಲದೆ, ಆದರೆ ಆತನ ಹೆಸರಿನಲ್ಲಿಯೇ ಮುದ್ರಿಸಿ ಮಾರುವವನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯೇ ಹೊರತು ಕೃತಿಚೋರನಲ್ಲ. ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ ದೋಷ, ಎರಡನೆಯದು ಸ್ವತ್ತಿಗೆ ಸಂಬಂಧಿಸಿದುದು. ವಿದ್ಯಾರ್ಥಿಗಳು ಈ ಎರಡನ್ನೂ ಬೆರಸಿ, "ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವುದನ್ನು ತೆಗೆದುಕೊಂಡರೆ ಕಳವು ಹೇಗಾದೀತು?" ಎಂದು ಪ್ರಶ್ನಿಸುತ್ತಾರೆ. ಉಚಿತವಾಗಿ ದೊರೆತ ಅನ್ನವನ್ನು ಉಣ್ಣಬಹುದು; ಅದನ್ನು ತಾನೇ ಅಟ್ಟೆನೆಂದು ಹೇಳುವುದು ಬೇರೆ ಮಾತು.

ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಸೀಮೆಯಲ್ಲಿ ಈ ವಿಚಾರವು ದೂರದ ಮಹಾನಗರಗಳ ಸಮಸ್ಯೆಯಾಗಿ ಉಳಿದಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಈ ಭಾಗದಿಂದ ಪದವಿಯ ಮೆಟ್ಟಿಲನ್ನು ಹತ್ತಿದವರು ವಿರಳ. ಹಳೆಯ ಮೈಸೂರು ಜಿಲ್ಲೆಯಿಂದ 1997ರಲ್ಲಿ ಚಾಮರಾಜನಗರ ಜಿಲ್ಲೆಯು ಬೇರ್ಪಟ್ಟಿತು; ಜಿಲ್ಲಾಕೇಂದ್ರದಲ್ಲಿ ಸ್ನಾತಕೋತ್ತರ ಕೇಂದ್ರವು ಬೆಳೆಯಿತು; 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾನಿಲಯವು ಆರಂಭವಾಯಿತು. ತೆರಕಣಾಂಬಿ, ಬೇಗೂರು, ಹಂಗಳ, ಸಂತೆಮರಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಓದುವ ವಿದ್ಯಾರ್ಥಿಗಳಲ್ಲಿ ತಮ್ಮ ಮನೆತನದಲ್ಲಿಯೇ ಮೊದಲ ಬಾರಿಗೆ ಪ್ರಬಂಧವೊಂದನ್ನು ಬರೆಯುತ್ತಿರುವವರು ಅನೇಕರು. ಅಂತಹವರಿಗೆ ಅಡಿಟಿಪ್ಪಣಿಯೆಂದರೇನು, ಆಧಾರವನ್ನು ಏಕೆ ಹೇಳಬೇಕು ಎಂಬುದನ್ನು ಯಾರೂ ಕೂರಿಸಿಕೊಂಡು ಕಲಿಸಿರುವುದಿಲ್ಲ. ಪ್ರೌಢಶಾಲೆಯಲ್ಲಿ ಗೈಡಿನ ಉತ್ತರವನ್ನು ಅಕ್ಷರಶಃ ಒಪ್ಪಿಸಿದವನಿಗೆ ಹೆಚ್ಚು ಅಂಕ ದೊರೆತಿತ್ತು. ಕಾಲೇಜಿನ ಬದಿಯ ಝೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷದವರ ಪ್ರಾಜೆಕ್ಟ್ ದೊರೆಯುತ್ತದೆ. ಹೀಗೆ ಹತ್ತು ಹನ್ನೆರಡು ವರ್ಷ ಪುನರುಚ್ಚಾರಣೆಗೆ ಬಹುಮಾನವನ್ನು ಕೊಟ್ಟು, ಸ್ನಾತಕೋತ್ತರ ತರಗತಿಗೆ ಬಂದೊಡನೆ ಅದೇ ಪುನರುಚ್ಚಾರಣೆಯನ್ನು ಅಪರಾಧವೆಂದು ಸಾರಿದರೆ ವಿದ್ಯಾರ್ಥಿಯು ಕಂಗಾಲಾಗುವುದು ಸಹಜ.

ಇಷ್ಟನ್ನು ಹೇಳಿ, ಇದೆಲ್ಲವೂ ಪ್ರಾಚೀನ ವಿದ್ಯಾಪದ್ಧತಿಯ ಫಲವೆಂದು ತೀರ್ಪು ಕೊಡುವ ಆಧುನಿಕರು ಇದ್ದಾರೆ. ಕಂಠಪಾಠವನ್ನು ಮುಖ್ಯವಾಗಿ ನಂಬಿದ ನಾಡಿನಲ್ಲಿ ಸ್ವಂತಿಕೆಗೆ ಬೆಲೆಯಿರಲಿಲ್ಲ, ಕರ್ತೃವೆಂಬ ಭಾವನೆಯೇ ಪಶ್ಚಿಮದಿಂದ ಬಂದಿತು ಎಂಬುದು ಅವರ ವಾದ. ಇದು ಶಾಸ್ತ್ರಗ್ರಂಥಗಳನ್ನು ತೆರೆದು ನೋಡದವರ ಮಾತು. ಅಮರಕೋಶವನ್ನು ಬಾಯಿಪಾಠ ಮಾಡಿದ ಯಾವ ವಿದ್ಯಾರ್ಥಿಯೂ ಅಮರಕೋಶವು ತನ್ನ ಕೃತಿಯೆಂದು ಹೇಳಲಿಲ್ಲ. ಕಂಠಪಾಠವು ಮೂಲವನ್ನು ಕಾಪಾಡುವ ಉಪಾಯವಾಗಿತ್ತೇ ಹೊರತು ಮೂಲದ ಮೇಲೆ ತನ್ನ ಹೆಸರನ್ನು ಬರೆಯುವ ಉಪಾಯವಾಗಿರಲಿಲ್ಲ.

ಕೃತಿಚೌರ್ಯವನ್ನು ಕುರಿತ ವ್ಯವಸ್ಥಿತವಾದ ಚರ್ಚೆಯು ಕನೋಜಿನ ಆಸ್ಥಾನದಲ್ಲಿದ್ದ ರಾಜಶೇಖರನ ಕಾವ್ಯಮೀಮಾಂಸೆಯಲ್ಲಿ ಬರುತ್ತದೆ. ಈತನ ಕಾಲ 9ನೆಯ ಶತಮಾನದ ಕೊನೆ ಮತ್ತು 10ನೆಯ ಶತಮಾನದ ಆದಿ. ಎಂದರೆ ಕವಿರಾಜಮಾರ್ಗವು ಹುಟ್ಟಿ ಕೆಲವೇ ದಶಕಗಳು ಕಳೆದಿದ್ದವು. ಈ ಗ್ರಂಥವು 1916ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲ ಕುಸುಮವಾಗಿ ಅಚ್ಚಾಯಿತು. ಅದರ 11ನೆಯ ಅಧ್ಯಾಯವು ಶಬ್ದಹರಣವನ್ನೂ ಮುಂದಿನ ಎರಡು ಅಧ್ಯಾಯಗಳು ಅರ್ಥಹರಣವನ್ನೂ ವಿಚಾರಿಸುತ್ತವೆ. ಒಂದು ಪದವನ್ನು ಕದಿಯುವುದು, ಪದ್ಯದ ಪಾದವನ್ನು ಕದಿಯುವುದು, ಅರ್ಧವನ್ನು, ಇಡೀ ಪದ್ಯವನ್ನು, ಕೊನೆಗೆ ಇಡೀ ಪ್ರಬಂಧವನ್ನೇ ಕದಿಯುವುದು ಎಂದು ರಾಜಶೇಖರನು ಶಬ್ದಹರಣಕ್ಕೆ ಮೆಟ್ಟಿಲುಗಳನ್ನು ಕಟ್ಟುತ್ತಾನೆ. ಅಲ್ಪವಾದುದೆಲ್ಲವೂ ದೋಷವಲ್ಲ, ಎಲ್ಲವೂ ಕ್ಷಮ್ಯವೂ ಅಲ್ಲ. ಬಿಡತಕ್ಕುದು, ಸ್ವೀಕರಿಸತಕ್ಕುದು ಎಂಬ ವಿವೇಕವಿರಬೇಕೆಂಬುದು ಆತನ ಪಕ್ಷ. ಇನ್ನೊಂದು ಮಾತಂತೂ ಇಂದಿನ ಕಾಲಕ್ಕೆಂದೇ ಬರೆದಂತಿದೆ: ಹಣ ಕೊಟ್ಟು ಕೊಂಡ ಕೃತಿಯನ್ನು ತನ್ನದೆನ್ನುವುದೂ ಆತನ ಲೆಕ್ಕದಲ್ಲಿ ಹರಣವೇ. ಅಪಕೀರ್ತಿಯನ್ನು ಪಡೆಯುವುದಕ್ಕಿಂತ ಕೀರ್ತಿಯಿಲ್ಲದೆ ಇರುವುದು ಲೇಸೆಂದು ಆತನು ಭಾವಿಸಿದ್ದನು. ಬೆಲೆ ತೆತ್ತು ಪ್ರಬಂಧವನ್ನು ಬರೆಯಿಸಿಕೊಂಡು, ಹಣ ಕೊಟ್ಟಮೇಲೆ ಅದು ತನ್ನದೇ ಎಂದು ನಂಬುವವರು ಗಮನಿಸಬೇಕಾದ ಸ್ಥಳವಿದು.

ಆ ಅಧ್ಯಾಯದಲ್ಲಿ ಇನ್ನೂ ಸ್ವಾರಸ್ಯವಾದುದು ರಾಜಶೇಖರನ ಮಡದಿ ಅವಂತಿಸುಂದರಿಯ ಅಭಿಪ್ರಾಯ. ಆಕೆಯೂ ವಿದುಷಿ, ಗಂಡನು ಆಕೆಯ ಮತವನ್ನು ಆಕೆಯ ಹೆಸರಿನಿಂದಲೇ ಉದಾಹರಿಸುತ್ತಾನೆ. ಚೌರ್ಯದ ಚರ್ಚೆಯ ನಡುವೆಯೇ ಹೆಂಡತಿಯ ಮಾತಿಗೆ ಹೆಂಡತಿಯ ಹೆಸರನ್ನು ಹಾಕಿದ ಈ ಪ್ರಾಮಾಣಿಕತೆಯನ್ನು ಎಷ್ಟು ಮೆಚ್ಚಿದರೂ ಸಾಲದು. ಇತರ ಕಳವುಗಳ ಕಳಂಕವು ಕಾಲಕ್ರಮದಲ್ಲಿ ಮಾಸಿದರೂ ವಾಕ್ಚೌರ್ಯದ ಕಳಂಕವು ಮಕ್ಕಳು ಮೊಮ್ಮಕ್ಕಳವರೆಗೂ ಮಾಸದೆಂಬ ಹಿರಿಯರ ಮತವು ಮೊದಲು ಬರುತ್ತದೆ. ಅದಕ್ಕೆ ಉತ್ತರವೋ ಎಂಬಂತೆ ಅವಂತಿಸುಂದರಿಯು, ಕವಿಯಾದವನು ಯಾವ ಯಾವ ನೆಪಗಳಿಂದ ಪರರ ಮಾತಿಗೂ ಅರ್ಥಕ್ಕೂ ಕೈ ನೀಡುತ್ತಾನೆಂಬುದನ್ನು ಪಟ್ಟಿಮಾಡುತ್ತಾಳೆ. ಆಕೆಯ ಧ್ವನಿಯಲ್ಲಿ ಸಮ್ಮತಿಯೆಷ್ಟು, ವಿನೋದವೆಷ್ಟು ಎಂಬುದನ್ನು ಓದುವವರು ತಮ್ಮ ತಮ್ಮ ಮನೋಧರ್ಮಕ್ಕೆ ತಕ್ಕಂತೆ ನಿಶ್ಚಯಿಸಬಹುದು. ಆದರೆ ಆ ನೆಪಗಳು ಮಾತ್ರ ಸಾವಿರದ ನೂರು ವರ್ಷಗಳಲ್ಲಿ ಒಂದಿಷ್ಟೂ ಹಳತಾಗಿಲ್ಲ.

ಮೂಲದ ಕರ್ತೃವು ಅಪ್ರಸಿದ್ಧ, ತಾನು ಪ್ರಸಿದ್ಧ ಎಂಬುದು ಒಂದು ನೆಪ. ಇಂದು ಇದೇ ನೆಪವು ಮಾರ್ಗದರ್ಶಕರ ಬಾಯಲ್ಲಿ ಬೇರೆ ವೇಷವನ್ನು ತೊಟ್ಟು ಬರುತ್ತದೆ: ವಿದ್ಯಾರ್ಥಿಯ ಹೆಸರಿನಲ್ಲಿ ಬಂದರೆ ಯಾರು ಓದುತ್ತಾರೆ, ಹಿರಿಯರ ಹೆಸರಿನಲ್ಲಿ ಬಂದರೆ ಲೇಖನಕ್ಕೆ ಮಾನ್ಯತೆ. ಮೂಲವು ಅನಾದರಣೀಯವಾದ ಭಾಷೆಯಲ್ಲಿದೆ, ತಾನು ಬರೆಯುವುದು ಆದರಣೀಯವಾದ ಭಾಷೆಯಲ್ಲಿ ಎಂಬುದು ಇನ್ನೊಂದು. ಕನ್ನಡದ ಹಳೆಯ ವಿಮರ್ಶಾಗ್ರಂಥವೊಂದರ ಅಧ್ಯಾಯವನ್ನು ಇಂಗ್ಲಿಷಿಗೆ ತಿರುಗಿಸಿ ಅಂತರರಾಷ್ಟ್ರೀಯ ಪತ್ರಿಕೆಗೆ ಕಳುಹಿಸುವವರೂ, ಇಂಗ್ಲಿಷಿನ ಲೇಖನವನ್ನು ಕನ್ನಡಿಸಿ ಸ್ವಂತವೆನ್ನುವವರೂ ಈ ನೆಪದ ಆಶ್ರಿತರು. ಭಾಷೆಯನ್ನು ಬದಲಿಸಿದೊಡನೆ ಕಳವು ಅನುವಾದವಾಗುತ್ತದೆಯೆಂದು ಅನೇಕರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಕರ್ತೃವು ದೇಶಾಂತರದಲ್ಲಿದ್ದಾನೆ, ಬಲ್ಲವರು ತೀರಿಹೋಗಿದ್ದಾರೆ, ಮೂಲಗ್ರಂಥವು ಅಳಿದುಹೋಗಿದೆ, ಮೂಲವೇ ಅಸಂಸ್ಕೃತವಾದ ರಚನೆ ಎಂಬವೂ ಆಕೆಯ ಪಟ್ಟಿಯಲ್ಲಿವೆ. ತಮ್ಮ ಊರಿನ ಗ್ರಂಥಾಲಯದ ಧೂಳು ಹಿಡಿದ ಮೂಲೆಯಲ್ಲಿರುವ ಪುಸ್ತಕವನ್ನು ಪರೀಕ್ಷಕರು ಎಲ್ಲಿ ನೋಡಿಯಾರು ಎಂದು ಧೈರ್ಯ ತಾಳುವ ಸಂಶೋಧಕನು, ತಾನರಿಯದೆಯೇ ಅವಂತಿಸುಂದರಿಯ ವಾಕ್ಯವೊಂದನ್ನು ಆಚರಿಸುತ್ತಿದ್ದಾನೆ. ಆಕೆಯ ಪಟ್ಟಿಯಲ್ಲಿ ಇಲ್ಲದ ನೆಪವೆಂದರೆ ಒಂದೇ: "ಎಲ್ಲರೂ ಹೀಗೆಯೇ ಮಾಡುತ್ತಾರೆ." ಅದು ಇಂದಿನವರ ಸ್ವಂತ ಕೊಡುಗೆ, ಇಷ್ಟರಮಟ್ಟಿಗೆ ಅವರ ಸ್ವಂತಿಕೆಯನ್ನು ಒಪ್ಪಬಹುದು!

ಕವಿರಾಜಮಾರ್ಗವೇ ದಂಡಿಯ ಕಾವ್ಯಾದರ್ಶವನ್ನು ಅವಲಂಬಿಸಿದೆಯಲ್ಲ, ಅದು ಕಳವಲ್ಲವೇ ಎಂಬ ಪ್ರಶ್ನೆಯನ್ನು ಚುರುಕಾದ ವಿದ್ಯಾರ್ಥಿಗಳು ಕೇಳುವುದುಂಟು. ಯೋಗ್ಯವಾದ ಪ್ರಶ್ನೆ. ಲಕ್ಷಣಶಾಸ್ತ್ರದಲ್ಲಿ ಪೂರ್ವಾಚಾರ್ಯರ ಸೂತ್ರವು ಎಲ್ಲರ ಸ್ವತ್ತು. ಕಾವ್ಯಾದರ್ಶವನ್ನು ಅರಿಯದ ಓದುಗನು ಆ ಕಾಲದ ವಿದ್ವದ್ಗೋಷ್ಠಿಯಲ್ಲಿ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರ ಎದುರಿಗೆ ತಂದವನು ಮರೆಮಾಚಿದವನಾಗುವುದಿಲ್ಲ. ಅದಲ್ಲದೆ ಆ ಗ್ರಂಥವು ಕನ್ನಡದ ನೆಲ, ಜನ, ಮಾತುಗಳನ್ನು ಕುರಿತು ದಂಡಿಯಲ್ಲಿ ಇಲ್ಲದುದನ್ನು ಹೇಳುತ್ತದೆ. ತನಗಿಂತ ಹಿಂದಿನ ಕನ್ನಡದ ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರಿಸುತ್ತದೆ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರು ಬರೆದ ಕನ್ನಡ ಗದ್ಯದ ಒಂದು ಓಲೆಯೂ ಇಂದು ಉಳಿದಿಲ್ಲ. ಉಳಿದಿರುವುದು ಹೆಸರು ಮಾತ್ರ. ನಾಲ್ಕು ಶತಮಾನಗಳ ಅನಂತರ, ಸುಮಾರು 1260ರಲ್ಲಿ, ಕೇಶಿರಾಜನು ಶಬ್ದಮಣಿದರ್ಪಣದ ಪೀಠಿಕೆಯಲ್ಲಿ ತನ್ನ ಲಕ್ಷ್ಯಗಳಿಗೆ ಆಕರರಾದ ಕವಿಗಳನ್ನು ಹೇಳುವಾಗ ಗಜಗನನ್ನೂ ಅಸಗನನ್ನೂ ಗುಣನಂದಿಯನ್ನೂ ಚಂದ್ರಭಟ್ಟನನ್ನೂ ಹೆಸರಿಸಿದನು. ಇವರ ಕನ್ನಡ ಕಾವ್ಯಗಳೂ ದೊರೆತಿಲ್ಲ. ವೈಯಾಕರಣನೊಬ್ಬನು ಮೂಲವನ್ನು ಹೇಳುವ ಶಿಷ್ಟಾಚಾರವನ್ನು ಪಾಲಿಸದೆ ಹೋಗಿದ್ದರೆ ಕನ್ನಡ ಸಾಹಿತ್ಯಚರಿತ್ರೆಯ ಆದಿಭಾಗವು ಇನ್ನಷ್ಟು ಕತ್ತಲಾಗಿರುತ್ತಿತ್ತು. ಅಡಿಟಿಪ್ಪಣಿಯನ್ನು ಶುಷ್ಕವಾದ ವಿಧಿಯೆಂದು ಗೊಣಗುವ ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕೊಡಲಾಗದು.

1031ರಲ್ಲಿ ಪಂಚತಂತ್ರವನ್ನು ಕನ್ನಡಿಸಿದ ದುರ್ಗಸಿಂಹನು ತಾನು ಅನುಸರಿಸಿದುದು ವಸುಭಾಗಭಟ್ಟನ ಪಾಠವನ್ನು ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ವಿಷ್ಣುಶರ್ಮನ ಹೆಸರೇ ಲೋಕಪ್ರಸಿದ್ಧವಾಗಿರುವಾಗ, ಅಷ್ಟು ಪ್ರಸಿದ್ಧನಲ್ಲದವನ ಋಣವನ್ನು ಒಪ್ಪಿಕೊಂಡುದು ಸಣ್ಣ ವಿಷಯವಲ್ಲ.

ಈ ಜಿಲ್ಲೆಯ ನೆಲದಲ್ಲಿಯೇ ಎರಡು ಮೂರು ನಿದರ್ಶನಗಳಿವೆ. ಯಳಂದೂರಿನಲ್ಲಿ ನೆಲಸಿದ್ದ ಷಡಕ್ಷರದೇವನು 17ನೆಯ ಶತಮಾನದಲ್ಲಿ ರಾಜಶೇಖರವಿಳಾಸವನ್ನು ರಚಿಸಿದನು. ಅದರ ಕಥೆಯು ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಬರೆದ ಭಾವಚಿಂತಾರತ್ನದ ಸತ್ಯೇಂದ್ರಚೋಳನ ಕಥೆಯೇ. ಕಥೆ ಒಂದು, ಪಾತ್ರಗಳು ಒಂದು, ಫಲವೂ ಒಂದು. ಆದರೆ ಮಲ್ಲಣಾರ್ಯನ ವಾರ್ಧಕ ಷಟ್ಪದಿಯಲ್ಲಿ ಸರಳವಾಗಿ ಹರಿದ ಕಥೆಯು ಷಡಕ್ಷರಿಯ ಚಂಪುವಿನಲ್ಲಿ ಬೇರೆಯೇ ದೇಹವನ್ನು ತಾಳಿತು. ಎರಡನ್ನೂ ಬದಿಬದಿಗಿಟ್ಟು ಓದಿದವರು ಒಂದನ್ನು ಇನ್ನೊಂದರ ಕಳವೆನ್ನಲಾರರು. ಅದೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಬರೆದಾಗ, ತನಗೆ ವಿದ್ಯೆಯನ್ನು ಕಲಿಸಿದ ಗುರುವನ್ನು ಸ್ಮರಿಸಲು ಮರೆಯಲಿಲ್ಲ. ಆ ಆಸ್ಥಾನದ ಸಿಂಗರಾರ್ಯನ ಮಿತ್ರವಿಂದಾಗೋವಿಂದವು ಹರ್ಷನ ರತ್ನಾವಳಿಯ ರೂಪಾಂತರವೆಂಬುದು ಪ್ರಸಿದ್ಧ. ಅಲ್ಲಿ ಹೆಸರುಗಳು ಬದಲಾದಷ್ಟು ವಸ್ತುವು ಬದಲಾಗಿಲ್ಲ. ಮೂರೂ ಒಂದೇ ರಾಜ್ಯದ, ಒಂದೇ ಶತಮಾನದ ಕೃತಿಗಳು. ಪೂರ್ವಕೃತಿಯೊಡನೆ ಇವುಗಳ ಸಂಬಂಧ ಮಾತ್ರ ಮೂರು ಬಗೆ.

ಇಂತಹ ತಾರತಮ್ಯಕ್ಕೂ ಲಾಕ್ಷಣಿಕರು ಹೆಸರುಗಳನ್ನು ಕೊಟ್ಟಿದ್ದಾರೆ. ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಎರಡು ಕೃತಿಗಳ ಸಾದೃಶ್ಯವನ್ನು ಮೂರು ವಿಧವಾಗಿ ವಿಂಗಡಿಸಿದನು: ಕನ್ನಡಿಯ ಪ್ರತಿಬಿಂಬದಂತೆ, ಚಿತ್ರಪಟದಂತೆ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ವ್ಯಕ್ತಿಗಳಂತೆ. ಪ್ರತಿಬಿಂಬಕ್ಕೆ ಸ್ವಂತ ಜೀವವಿಲ್ಲ, ಆದುದರಿಂದ ತ್ಯಾಜ್ಯ. ಚಿತ್ರದ ಜೀವವೂ ತುಚ್ಛ. ಮುಖವು ಹೋಲಿದರೂ ಆತ್ಮವು ಬೇರೆಯಾದರೆ ಬಾಧಕವಿಲ್ಲ. ರಾಜಶೇಖರನು ಇದಕ್ಕೆ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿದನು. ಸಂಶೋಧನ ವಿದ್ಯಾರ್ಥಿಗೆ ಅಧ್ಯಾಪಕನು ಈ ವಿಭಾಗವನ್ನು ಒಂದು ಗಂಟೆಯಲ್ಲಿ ಮನಗಾಣಿಸಬಹುದು. ಪರರ ಪ್ಯಾರಾವನ್ನು ಹಾಗೆಯೇ ಇಳಿಸಿದರೆ ಪ್ರತಿಬಿಂಬ. ವಾಕ್ಯದ ಹತ್ತು ಶಬ್ದಗಳಲ್ಲಿ ಮೂರಕ್ಕೆ ಪರ್ಯಾಯಪದಗಳನ್ನು ಹಾಕಿದರೆ ಚಿತ್ರಪಟ. ಇಂದಿನ ಪ್ರಬಂಧಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ, ಮತ್ತು ಇದನ್ನು ಮಾಡುವವರು ತಾವು ಕಳವನ್ನು ತಪ್ಪಿಸಿಕೊಂಡೆವೆಂದೇ ಭಾವಿಸಿರುತ್ತಾರೆ. ಪುಸ್ತಕವನ್ನು ಮುಚ್ಚಿಟ್ಟು, ತಿಳಿದುದನ್ನು ತನ್ನ ವಾಕ್ಯದಲ್ಲಿ ಬರೆದು, ಯಾರಿಂದ ತಿಳಿದುದೆಂದು ಹೇಳಿದರೆ ಮೂರನೆಯದು.

ಶರಣರ ವಚನಗಳ ವಿಷಯದಲ್ಲಿ ಕರ್ತೃತ್ವದ ಭಾವನೆಯು ಇನ್ನೊಂದು ಬಗೆಯದು. ವಚನಕಾರರು ತಮ್ಮ ಹೆಸರನ್ನು ಹಾಕಲಿಲ್ಲ, ಇಷ್ಟದೈವದ ಅಂಕಿತವನ್ನು ಹಾಕಿದರು. ಚಾಮರಾಜನಗರದ ಬಳಿಯ ಹರದನಹಳ್ಳಿಯೊಡನೆ ಸಂಬಂಧವುಳ್ಳ ತೋಂಟದ ಸಿದ್ಧಲಿಂಗರು ಷಟ್‌ಸ್ಥಲಜ್ಞಾನಸಾರಾಮೃತದ 701 ವಚನಗಳಿಗೂ ಒಂದೇ ಅಂಕಿತವನ್ನು ಇಟ್ಟರು. ಹೆಸರಿನ ಹಂಬಲವನ್ನು ತೊರೆದವರ ಅಂಕಿತವೇ ಮುಂದೆ ಅವರ ಹೆಸರಿಗಿಂತಲೂ ದೃಢವಾದ ಗುರುತಾಯಿತು. 15 ಮತ್ತು 16ನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದಮೇಲೆ ಒಬ್ಬರು ಶೂನ್ಯಸಂಪಾದನೆಯನ್ನು ಸಂಕಲಿಸಿದರು. ವಚನಗಳನ್ನು ಕಥನದ ಸೂತ್ರದಲ್ಲಿ ಹೊಸದಾಗಿ ಪೋಣಿಸಿದರೂ ಅಲ್ಲಮನ ಮಾತು ಅಲ್ಲಮನದಾಗಿ, ಅಕ್ಕನ ಮಾತು ಅಕ್ಕನದಾಗಿ ಉಳಿಯಿತು. ಪ್ರಸಿದ್ಧರ ಅಂಕಿತದಲ್ಲಿ ತಮ್ಮ ರಚನೆಯನ್ನು ಸೇರಿಸಿದವರೂ ಇದ್ದರು; ಪ್ರಕ್ಷಿಪ್ತ ವಚನಗಳ ಶೋಧನೆಯು ಸಂಪಾದಕರಿಗೆ ಇಂದಿಗೂ ತಲೆನೋವಿನ ಕೆಲಸ. ಇದು ವಿಲೋಮ ಚೌರ್ಯ: ಪರರದನ್ನು ತನ್ನದೆನ್ನುವುದಲ್ಲ, ತನ್ನದನ್ನು ಪರರದೆನ್ನುವುದು. 19ನೆಯ ಶತಮಾನದ ಕೊನೆಯಲ್ಲಿ ನಂದಳಿಕೆಯ ಲಕ್ಷ್ಮೀನಾರಣಪ್ಪನು, ಎಂದರೆ ಮುದ್ದಣನು, ತನ್ನ ಕೃತಿಗಳನ್ನು ಪ್ರಾಚೀನ ಕವಿಗಳವೆಂದು ಮೈಸೂರಿನ ಸಂಪಾದಕರಿಗೆ ಕಳುಹಿಸಿದುದು ಇದಕ್ಕೆ ನಿರುಪದ್ರವಿಯಾದ ನಿದರ್ಶನ. ಅಂಕಿತವನ್ನೇ ಬದಲಿಸಿ ಬಸವಣ್ಣನವರ ವಚನಗಳನ್ನು ಮುದ್ರಿಸಿದ ಗ್ರಂಥವೊಂದನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅಂಕಿತಕ್ಕೆ ಈ ನಾಡಿನ ಜನರು ಎಷ್ಟು ಬೆಲೆ ಕೊಡುತ್ತಾರೆಂಬುದು ಆಗ ಎಲ್ಲರಿಗೂ ತಿಳಿಯಿತು.

ಇಷ್ಟು ಸೂಕ್ಷ್ಮವಾದ ಪರಂಪರೆಯಿದ್ದರೂ ವಿಶ್ವವಿದ್ಯಾನಿಲಯಗಳ ಅನುಭವವು ಹಿತಕರವಾಗಿಲ್ಲ. 2002ರಲ್ಲಿ ಕುಮಾಯೂನ್ ವಿಶ್ವವಿದ್ಯಾನಿಲಯದ ಕುಲಪತಿಗಳ ಭೌತವಿಜ್ಞಾನದ ಲೇಖನವು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಯೊಬ್ಬರ ಲೇಖನದ ನಕಲೆಂದು ಬಯಲಾಯಿತು. ವಿದೇಶದ ವಿಜ್ಞಾನಿಗಳು ಭಾರತದ ರಾಷ್ಟ್ರಪತಿಗಳಿಗೆ ಪತ್ರ ಬರೆಯುವವರೆಗೆ ಹೋಯಿತು. ವಿಚಾರಣೆಯ ಅನಂತರ 2003ರಲ್ಲಿ ಅವರು ಪದತ್ಯಾಗ ಮಾಡಿದರು. ಕರ್ನಾಟಕದಲ್ಲಿ, 2011ರಲ್ಲಿ ಅಡ್ವಾನ್ಸ್‌ಡ್ ಮೆಟೀರಿಯಲ್ಸ್ ಎಂಬ ಪತ್ರಿಕೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳು ಪ್ರಕಟಿಸಿದ ಲೇಖನದ ಕೆಲವು ವಾಕ್ಯಗಳು ಇತರರ ಲೇಖನದಿಂದ ಬಂದವೆಂಬುದು ತಿಳಿದಾಗ, ಸಿ. ಎನ್. ಆರ್. ರಾವ್ ಅವರನ್ನೊಳಗೊಂಡ ಕರ್ತೃಗಳು ಅದೇ ಪತ್ರಿಕೆಯಲ್ಲಿ ಕ್ಷಮೆ ಯಾಚಿಸಿದರು. ಪ್ರಯೋಗವೂ ಫಲಿತಾಂಶವೂ ಅವರದೇ. ನಕಲಾದುದು ಕೆಲವು ಪಂಕ್ತಿಗಳು. ಪೀಠಿಕೆಯ ನಾಲ್ಕು ವಾಕ್ಯಗಳು ಕಳವೆನಿಸುತ್ತವೆಯೆ ಎಂಬ ಚರ್ಚೆಯು ಆಗ ದೇಶದಲ್ಲೆಲ್ಲ ನಡೆಯಿತು. ವಿಜ್ಞಾನದವರಿಗೆ ಫಲಿತಾಂಶವೇ ಕೃತಿ, ಭಾಷೆಯು ಅದರ ಹೊದಿಕೆ. ಸಾಹಿತ್ಯದವರಿಗೆ ಭಾಷೆಯೇ ಕೃತಿ. ಈ ಭೇದದಿಂದ ಮನೋಭಾವದಲ್ಲಿಯೂ ಭೇದವುಂಟಾಗುವುದು ಸಹಜ. ಆದರೆ ಒಂದು ಲೇಖನಕ್ಕೆ ಹೆಸರು ಹಾಕಿದವರೆಲ್ಲರೂ ಕೀರ್ತಿಗೆ ಹೇಗೋ ದೋಷಕ್ಕೂ ಹಾಗೆಯೇ ಪಾಲುದಾರರಾಗಬೇಕೆಂಬ ನ್ಯಾಯವು ಇಬ್ಬರಿಗೂ ಸಮಾನ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರ ಜುಲೈಯಲ್ಲಿ ಕೃತಿಚೌರ್ಯ ನಿವಾರಣೆಗೆಂದೇ ನಿಯಮಾವಳಿಯನ್ನು ಹೊರಡಿಸಿತು. ಅದರಲ್ಲಿ ಸಾದೃಶ್ಯವು ಶೇಕಡ 10ರವರೆಗಿದ್ದರೆ ದಂಡವಿಲ್ಲ. 10ಕ್ಕಿಂತ ಹೆಚ್ಚಾಗಿ 40ರವರೆಗಿದ್ದರೆ ವಿದ್ಯಾರ್ಥಿಯು 6 ತಿಂಗಳೊಳಗೆ ತಿದ್ದಿದ ಪ್ರತಿಯನ್ನು ಒಪ್ಪಿಸಬೇಕು. 60ರವರೆಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನು ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕರಿಗೆ ಲೇಖನದ ವಾಪಸಾತಿ, ವೇತನಬಡ್ತಿಯ ತಡೆ, ಎರಡು ಅಥವಾ ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡದಂತೆ ನಿರ್ಬಂಧ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯು ಶೋಧಗಂಗಾ ಭಂಡಾರದಲ್ಲಿ ಪಿಎಚ್.ಡಿ. ಪ್ರಬಂಧಗಳನ್ನು ಕೂಡಿಡುತ್ತಿದ್ದು, 2019ರಿಂದ ಶೋಧಶುದ್ಧಿ ಎಂಬ ಯೋಜನೆಯ ಮೂಲಕ ಸಾದೃಶ್ಯವನ್ನು ಪತ್ತೆಹಚ್ಚುವ ತಂತ್ರಾಂಶವನ್ನು ವಿಶ್ವವಿದ್ಯಾನಿಲಯಗಳಿಗೆ ಒದಗಿಸುತ್ತಿದೆ.

ಈ ಯಂತ್ರವು ಕನ್ನಡದ ಮುಂದೆ ಬಹಳಮಟ್ಟಿಗೆ ಕುರುಡು. ಕನ್ನಡದ ಹಳೆಯ ಗ್ರಂಥಗಳಲ್ಲಿ ಬಹುಪಾಲು ಗಣಕಕ್ಕೆ ಓದಲು ಬರುವ ರೂಪದಲ್ಲಿಲ್ಲ. ಯೂನಿಕೋಡಿಗೆ ಹೊಂದದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಪ್ರಬಂಧವು ಯಂತ್ರಕ್ಕೆ ಅರ್ಥಹೀನವಾದ ಚಿಹ್ನೆಗಳ ರಾಶಿ. ಆದುದರಿಂದ ಇಡೀ ಪ್ರಬಂಧವೇ ನಕಲಾಗಿದ್ದರೂ ಶೂನ್ಯ ಸಾದೃಶ್ಯದ ಪ್ರಮಾಣಪತ್ರವು ಬರಬಹುದು. ಆ ಪತ್ರವನ್ನು ಪ್ರಬಂಧಕ್ಕೆ ಹೊಲಿದು ಎಲ್ಲರೂ ನಿಶ್ಚಿಂತರಾಗಬಹುದು. ಇನ್ನೊಂದು ವಿನೋದವೂ ಇದೆ. ಸತತವಾಗಿ 14 ಶಬ್ದಗಳವರೆಗಿನ ಆಕಸ್ಮಿಕ ಸಾದೃಶ್ಯವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಆ ನಿಯಮಾವಳಿಯು ಹೇಳುತ್ತದೆ. ಇಂಗ್ಲಿಷಿನಲ್ಲಿ 14 ಶಬ್ದಗಳೆಂದರೆ ಅರ್ಧ ವಾಕ್ಯ. ವಿಭಕ್ತಿಯನ್ನೂ ಪ್ರತ್ಯಯವನ್ನೂ ಸಂಧಿಸಮಾಸಗಳನ್ನೂ ಶಬ್ದದೊಳಗೇ ಅಡಗಿಸಿಕೊಳ್ಳುವ ಕನ್ನಡದಲ್ಲಿ 14 ಶಬ್ದಗಳೆಂದರೆ ಒಂದು ಪೂರ್ಣವಾದ ವಿಚಾರ. ವ್ಯಾಕರಣವನ್ನು ಬಲ್ಲವರನ್ನು ಒಂದು ಮಾತು ಕೇಳಿದ್ದರೆ ಈ ಸಂಖ್ಯೆಯನ್ನು ಭಾಷೆಗೆ ತಕ್ಕಂತೆ ನಿಶ್ಚಯಿಸಬಹುದಾಗಿತ್ತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಪ್ರಕಟವಾದಮೇಲೆ ಪ್ರಶ್ನೆಯು ಇನ್ನಷ್ಟು ಜಟಿಲವಾಗಿದೆ. ಯಂತ್ರವು ಬರೆದುಕೊಟ್ಟ ಪ್ರಬಂಧಕ್ಕೆ ಕಳವಿನ ಮಾಲು ಯಾರದೆಂದು ತೋರಿಸುವುದೇ ಕಷ್ಟ. ಆದರೆ ರಾಜಶೇಖರನ ಲಕ್ಷಣವು ಇಲ್ಲಿಯೂ ಸಲ್ಲುತ್ತದೆ. ಬೆಲೆ ಕೊಟ್ಟು ಕೊಂಡುದು ಹರಣವಾಗುವುದಾದರೆ, ಬೆಲೆ ಕೊಡದೆ ಬರೆಯಿಸಿಕೊಂಡುದು ಹರಣವಲ್ಲವೆನ್ನಲು ಯಾವ ಆಧಾರವೂ ಇಲ್ಲ.

ವಾಸ್ತವವಾಗಿ ಕಳವನ್ನು ಕಂಡುಹಿಡಿಯಬಲ್ಲವರು ಓದಿಕೊಂಡ ಪರೀಕ್ಷಕರು. ವಿದ್ಯಾರ್ಥಿಯ ಮಾತಿನ ಧಾಟಿಯು ನಡುವೆ ಒಮ್ಮೆಲೇ ಬದಲಾದರೆ, ದ್ವಿತೀಯಾ ವಿಭಕ್ತಿಯಲ್ಲಿ ತಡವರಿಸುತ್ತಿದ್ದವನು ಮುಂದಿನ ಪುಟದಲ್ಲಿ ತೀ. ನಂ. ಶ್ರೀಕಂಠಯ್ಯನವರಂತೆ ಬರೆಯತೊಡಗಿದರೆ, ಯಂತ್ರದ ಹಂಗಿಲ್ಲದೆಯೇ ಗೊತ್ತಾಗುತ್ತದೆ. ಗೊತ್ತಾದಮೇಲೂ ಸುಮ್ಮನಿರುವುದೇ ಅಧ್ಯಾಪಕವರ್ಗದ ದೊಡ್ಡ ದೌರ್ಬಲ್ಯ. ಬಡವರ ಮನೆಯ ಹುಡುಗ, ಅವನ ಭವಿಷ್ಯವನ್ನು ಏಕೆ ಕೆಡಿಸಬೇಕು ಎಂಬ ಕರುಣೆಯು ಕೆಲವರದು. ಅವನ ಮಾರ್ಗದರ್ಶಕರು ನಾಳೆ ತಮ್ಮ ವಿದ್ಯಾರ್ಥಿಯ ಪರೀಕ್ಷಕರಾಗಿ ಬರುವರೆಂಬ ಲೆಕ್ಕಾಚಾರವು ಕೆಲವರದು. ಮೊದಲನೆಯವರ ಕರುಣೆಯೂ ವಿಚಾರಿಸಿ ನೋಡಿದರೆ ಕರುಣೆಯಲ್ಲ. ಬಡವರ ಮನೆಯ ಇನ್ನೊಬ್ಬ ಹುಡುಗನು, ಅಥವಾ ಹುಡುಗಿಯು, ಎರಡು ವರ್ಷ ಹಳ್ಳಿ ಹಳ್ಳಿ ಅಲೆದು ತಾನೇ ಬರೆದ ಪ್ರಬಂಧಕ್ಕೂ ನಕಲು ಪ್ರಬಂಧಕ್ಕೂ ಒಂದೇ ಶ್ರೇಣಿಯು ದೊರೆಯುತ್ತದೆ. ಕೆಲಸದ ಸಂದರ್ಶನದಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ.

ಈ ಸೀಮೆಯ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮರೆವಿಗೆ ಸಂದವರು ಬರೆಯಲಾರದ ವಿದ್ವಾಂಸರು. ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯ ದೇವಚಂದ್ರನು ಕರ್ನಲ್ ಮೆಕೆಂಜಿಯ ಸರ್ವೇಕ್ಷಣೆಯ ಕಾಲದಲ್ಲಿ, 1804ರ ಸುಮಾರಿಗೆ, ಆತನಿಗೆ ಸ್ಥಳಚರಿತ್ರೆಯ ಸಂಗ್ರಹದಲ್ಲಿ ನೆರವಾದನು. ಮುಂದೆ ರಾಜಾವಳಿಕಥೆಯನ್ನೂ ಬರೆದನು. ಸಂಗ್ರಹವು ಲೋಕದಲ್ಲಿ ಮೆಕೆಂಜಿಯ ಹೆಸರಿನಿಂದ ಪ್ರಸಿದ್ಧವಾಗಿದೆ. ದೇವಚಂದ್ರನಿಗೆ ಲೇಖನಿಯಿದ್ದಿತು, ಆದುದರಿಂದ ಅವನ ಹೆಸರು ಉಳಿಯಿತು. ಕಂಸಾಳೆಯನ್ನು ಹಿಡಿದು ಮಲೆಯ ಮಾದೇಶ್ವರನ ಕಥೆಯನ್ನು ರಾತ್ರಿಯಿಡೀ ಹಾಡುವ ದೇವರಗುಡ್ಡರಿಗೂ, ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರಿಗೂ ಅದಿಲ್ಲ. 1970ರ ದಶಕದಿಂದ ಈಚೆಗೆ ಇವರ ಹಾಡುಗಳನ್ನು ಆಧರಿಸಿ ಹುಟ್ಟಿದ ಸಂಪ್ರಬಂಧಗಳೂ ಪದವಿಗಳೂ ಅನೇಕ. ಆ ಪ್ರಬಂಧಗಳಲ್ಲಿ ಪುಸ್ತಕಗಳಿಗೆ ಅಡಿಟಿಪ್ಪಣಿಯಿರುತ್ತದೆ, ಪತ್ರಿಕೆಗಳಿಗೆ ಪುಟಸಂಖ್ಯೆಯಿರುತ್ತದೆ. ನಾಲ್ಕು ರಾತ್ರಿ ನಿದ್ದೆಗೆಟ್ಟು ಹಾಡಿದವನನ್ನು ಎಷ್ಟೋ ಕಡೆ "ಒಬ್ಬ ವಕ್ತೃ" ಎಂದು ಕರೆದು ಬಿಟ್ಟಿರುತ್ತಾರೆ. ತಂತ್ರಾಂಶವು ಇದನ್ನು ಎಂದಿಗೂ ಕಂಡುಹಿಡಿಯದು. ಹಾಡಿದವನು ದೂರು ಕೊಡುವುದೂ ಇಲ್ಲ. ಅವಂತಿಸುಂದರಿಯ ಪಟ್ಟಿಯ ಕೊನೆಯ ನೆಪ, ಮೂಲವು ಅಸಂಸ್ಕೃತರದೆಂಬುದು, ಇಲ್ಲಿ ಬಾಯಿಬಿಟ್ಟು ಹೇಳದೆಯೇ ಆಚರಣೆಗೆ ಬಂದಿದೆ.

ಇದಕ್ಕೆ ಅಪವಾದವೂ ಉಂಟು. ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಕೇಂದ್ರ ಸಾಹಿತ್ಯ ಅಕಾಡೆಮಿಯು 2001ರಲ್ಲಿ ಪ್ರಕಟಿಸಿದಾಗ, ಅನುವಾದಕರ ಮತ್ತು ಸಂಗ್ರಾಹಕರ ಹೆಸರುಗಳೊಂದಿಗೆ, ಅದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರೆಂದು ಆ ಗ್ರಂಥವು ಹೇಳಿತು.